ಚೈನ್ ಟೈಟ್ ಮಾಡುವಾಗ ಗೀರನ್ನು ನಂಬಬೇಡಿ

ಬೈಕಿನ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್ ಮೇಲೆ, ಚಕ್ರ ನೇರ ಇದೆಯಾ ನೋಡಲು ಕಂಪನಿಯವರು ಹಾಕಿರುವ ಗೀರುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಗ್ಯಾರೇಜಿಗೆ ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲು ಹೇಳುವುದೂ ಇದನ್ನೇ. ಎಡಗಡೆ ಮೂರನೇ ಗೀರು, ಬಲಗಡೆ ಮೂರನೇ ಗೀರು, ಆಯ್ತು ಅಂತ ನಟ್ ಬಿಗಿದುಬಿಡುತ್ತಾರೆ. ಹೊಸ ಗಾಡಿಗೆ ಅದು ನಡೆಯಬಹುದು. ಬಿದ್ದು ಎದ್ದ ಗಾಡಿ, ಚಕ್ರವನ್ನು ಹಿಂದೆ ಮುಂದೆ ಸರಿಸುವ ಅಡ್ಜಸ್ಟರನ್ನು ಒಂದು ಕಡೆ ಮಾತ್ರ ಬದಲಾಯಿಸಿದ ಗಾಡಿ ಬಂದರೆ ಗೀರು ಸುಳ್ಳು ಹೇಳುತ್ತದೆ.

ಚಿಕ್ಕಬಳ್ಳಾಪುರದಲ್ಲಿ ನಮ್ಮ ಹತ್ತಿರ ಬರುವುದು ಹೆಚ್ಚಾಗಿ ದುಡಿಯುವ ಗಾಡಿಗಳು. ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ, ಇಲ್ಲ ಹಾಲಿನ ಕ್ಯಾನು. "ಅಣ್ಣಾ, ಚೈನ್ ಸೌಂಡ್ ಬರ್ತಾ ಇದೆ, ಚೆನ್ನಾಗಿ ಟೈಟ್ ಮಾಡಿ" ಅಂತಾರೆ. ಚೆನ್ನಾಗಿ ಅಂದರೆ ಅವರ ಲೆಕ್ಕದಲ್ಲಿ ಒಂಚೂರೂ ಅಲ್ಲಾಡಬಾರದು! ಆದರೆ ಭಾರ ಬಿದ್ದಾಗ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗುತ್ತದೆ. ಮುಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಸ್ವಿಂಗ್ ಆರ್ಮನ್ನು ಫ್ರೇಮಿಗೆ ಸೇರಿಸುವ ಪಿವೋಟ್ ಬೋಲ್ಟ್, ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಒಂದೇ ಗೆರೆಗೆ ಬಂದಾಗ ಚೈನ್ ಎಲ್ಲಕ್ಕಿಂತ ಬಿಗಿಯಾಗುತ್ತದೆ. ಸ್ಟ್ಯಾಂಡ್ ಮೇಲೆ ನಿಂತಾಗ ಪ್ಲೇ, ಅಂದರೆ ಚೈನ್ ಮೇಲೆ ಕೆಳಗೆ ಆಡುವ ಸಡಿಲ, ಇಲ್ಲದಿದ್ದರೆ ಆಗ ಆ ಎಳೆತವೆಲ್ಲ ಗೇರ್‌ಬಾಕ್ಸ್ ಬೇರಿಂಗ್ ಮೇಲೆ. ಸಾಮಾನ್ಯ ಗಾಡಿಗಳಿಗೆ ಕೆಳಗಿನ ಚೈನಿನ ನಡುವೆ 20ರಿಂದ 30 ಮಿ.ಮೀ. ಆಟ ಇರಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ. ಚಕ್ರ ತಿರುಗಿಸುತ್ತಾ ಚೈನ್ ಅತಿ ಬಿಗಿ ಇರುವ ಜಾಗ ಹುಡುಕಿ, ಅಲ್ಲೇ ಅಳೆಯಿರಿ.

ಈಗ ಚಕ್ರ ನೇರ ಮಾಡುವ ವಿಷಯ. ಪಿವೋಟ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಕಡೆ ಒಂದೇ ಅಳತೆ ಬರಬೇಕು, ಅಷ್ಟೇ. ಟೇಪ್ ಹಿಡಿಯಲು ಹೋದರೆ ಫುಟ್‌ರೆಸ್ಟ್, ಸೈಲೆನ್ಸರ್ ಅಡ್ಡ ಬಂದು ಟೇಪ್ ಬಾಗುತ್ತದೆ. ನಾನು ಬಳಸುವುದು ಒಂದು ಗಟ್ಟಿ ತಂತಿ. ಅದರ ತುದಿ ಬಗ್ಗಿಸಿ ಚೂಪು ಮಾಡಿ ಪಿವೋಟ್ ನಡುವಿಗೆ ಇಡುತ್ತೇನೆ. ತಂತಿಗೆ ಬಿಗಿಯಾಗಿ ಕೂರುವ ಒಂದು ರಬ್ಬರ್ ರಿಂಗ್ ಹಾಕಿ, ಅದನ್ನು ಸರಿಸಿ ಆಕ್ಸಲ್ ನಡುವಿಗೆ ತರುತ್ತೇನೆ. ಅದೇ ತಂತಿಯನ್ನು ಆ ಕಡೆ ಇಟ್ಟರೆ ರಿಂಗ್ ಅಲ್ಲೂ ನಡುವಿಗೇ ಬರಬೇಕು. ಎಷ್ಟು ಮಿಲಿಮೀಟರ್ ಅಂತ ಯಾರಿಗೂ ಬೇಕಾಗಿಲ್ಲ.

ಬರದಿದ್ದರೆ ಚಕ್ರ ಓರೆಯಾಗಿದೆ. ಜೋಡಿ ಎತ್ತಿನಲ್ಲಿ ಒಂದು ಮುಂದೆ ಹೋದರೆ ನೊಗ ಓರೆಯಾಗುತ್ತದಲ್ಲ, ಹಾಗೆ. ಮೊದಲೇ ಗುಮಾನಿ ಇದ್ದರೆ ಹಿಂದಿನ ಸ್ಪ್ರಾಕೆಟ್ ಹಲ್ಲು ನೋಡಿ. ಹಲ್ಲಿನ ಒಂದು ಮಗ್ಗುಲು ಮಾತ್ರ ಉಜ್ಜಿ ಹೊಳೆಯುತ್ತಿರುತ್ತದೆ.

ಆಕ್ಸಲ್ ನಟ್ ಸಡಿಲಿಸಿ. ಕೆಲವು ಗಾಡಿಗಳಲ್ಲಿ ಚೈನ್ ಕಡೆ ಇನ್ನೊಂದು ದೊಡ್ಡ ಸ್ಲೀವ್ ನಟ್ ಇರುತ್ತದೆ, ಅದನ್ನೂ ಸಡಿಲಿಸದೆ ಅಡ್ಜಸ್ಟರ್ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ಮೊದಲು ಚಕ್ರ ನೇರ ಮಾಡಿ. ಆಮೇಲೆ ಎರಡೂ ಕಡೆಯ ಅಡ್ಜಸ್ಟರ್ ನಟ್ಟನ್ನು ಸಮಸಮವಾಗಿ ತಿರುಗಿಸಿ. ನಟ್ಟಿಗೆ ಆರು ಮುಖ, ಒಂದೊಂದೇ ಮುಖ ತಿರುಗಿಸಿದರೆ ಸಾಕು. ಬಿಗಿಯುವ ಮುಂಚೆ ಟೈರನ್ನು ಹಿಂದಿನಿಂದ ಕಾಲಲ್ಲಿ ಒತ್ತಿ, ಆಕ್ಸಲ್ ಅಡ್ಜಸ್ಟರಿಗೆ ತಾಗಿ ಕೂರಬೇಕು. ಇಲ್ಲದಿದ್ದರೆ ನಟ್ ಬಿಗಿಯುವಾಗ ಅದು ಜರುಗಿ, ಪಟ್ಟ ಪಾಡೆಲ್ಲ ನೀರಿಗೆ ಹೋಗುತ್ತದೆ. ಬಿಗಿದ ಮೇಲೆ ಪ್ಲೇ ಮತ್ತೆ ನೋಡಿ, ಸಾಮಾನ್ಯವಾಗಿ ಸ್ವಲ್ಪ ಕಡಿಮೆಯಾಗಿರುತ್ತದೆ. ಚೈನ್ ಕವರ್ ಇಲ್ಲದ ಗಾಡಿಯಾದರೆ ಹಿಂದೆ ಕೂತು, ಒಂದು ಕಣ್ಣು ಮುಚ್ಚಿ, ಚೈನಿನ ಉದ್ದಕ್ಕೂ ನೋಡಿ. ಸ್ಪ್ರಾಕೆಟ್ ಬಿಟ್ಟ ಕೂಡಲೇ ಚೈನ್ ಪಕ್ಕಕ್ಕೆ ಸೊಟ್ಟಗಾಗಬಾರದು.

ಇದೆಲ್ಲ ಮಾಡುವಾಗ ಎಂಜಿನ್ ಆಫ್, ಗಾಡಿ ನ್ಯೂಟ್ರಲ್. ಎಂಜಿನ್ ಆನ್ ಇಟ್ಟು, ಗೇರಿಗೆ ಹಾಕಿ, ತಿರುಗುವ ಚೈನಿಗೆ ಎಣ್ಣೆ ಬಿಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಬೆರಳು ಸಿಕ್ಕಿದರೆ ಹೋಯ್ತು, ಅಲ್ವಾ?

ತುಂಬಾ ಜನ ಮರೆಯುವುದು ಹಿಂದಿನ ಬ್ರೇಕು. ಡ್ರಮ್ ಬ್ರೇಕ್ ಗಾಡಿಯಲ್ಲಿ ಚಕ್ರ ಹಿಂದಕ್ಕೆ ಹೋದಷ್ಟೂ ಬ್ರೇಕ್ ರಾಡ್ ಎಳೆದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಬ್ರೇಕ್ ಹಿಡಿದುಕೊಂಡೇ ಗಾಡಿ ಓಡುತ್ತದೆ, ಡ್ರಮ್ ಕಾಯುತ್ತದೆ. ಪೆಡಲ್ ಪ್ಲೇ ಸರಿ ಮಾಡಿ, ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹತ್ತುತ್ತದಾ ನೋಡಿ.

ಕೊನೆಗೆ, ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಚೈನನ್ನು ಬೆರಳಲ್ಲಿ ಎಳೆದಾಗ ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ ಆ ಚೈನಿನ ಆಯಸ್ಸು ಮುಗಿದಿದೆ. ಅದಕ್ಕೆ ನಾನು ಸ್ಪ್ಯಾನರ್ ಹಚ್ಚುವುದಿಲ್ಲ. ಚೈನು, ಎರಡು ಸ್ಪ್ರಾಕೆಟ್ ಸೇರಿದ ಪೂರ್ತಿ ಕಿಟ್ ತರಲು ಹೇಳುತ್ತೇನೆ. ಹಳೇ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಹಾಕಿ ಅಂದರೆ ಅದಕ್ಕೂ ಒಪ್ಪುವುದಿಲ್ಲ. ಸವೆದ ಹಲ್ಲು ಹೊಸ ಚೈನನ್ನೂ ಬೇಗ ತಿಂದುಹಾಕುತ್ತದೆ, ಆಮೇಲೆ ಬೈಸಿಕೊಳ್ಳುವವನು ನಾನೇ.