ನಿಮ್ಮ ಕಥೆಗಳಲ್ಲಿ ನಿಮಗೆ ಯಾವುದು ಇಷ್ಟ?

ಮುಂಬೈಯಲ್ಲಿ, ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲೋ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಕಾರ್ಯಕ್ರಮ ಮುಗಿದು ಕಾಫಿ ಕೈಗೆ ಬಂತೆಂದರೆ, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ನೀವು ಬರೆದ ಕಥೆಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು?" "ಅದನ್ನು ಇನ್ನೂ ಬರೆದಿಲ್ಲ" ಅಂತ ವಿನಯ ತೋರಿಸುವುದು ರೂಢಿ. ನನಗೆ ಅದು ಬರುವುದಿಲ್ಲ. ಬರೆದಿದ್ದೇನೆ, ಆಗಾಗ ತೆಗೆದು ಓದುತ್ತೇನೆ ಕೂಡ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರಾ? ಅನ್ನಿ, ಬೇಜಾರಿಲ್ಲ.

ಅದು ದಾದರ್ ಸ್ಟೇಷನ್ನಿನ ಕಥೆ. ನಾಲ್ಕೇ ಪುಟ. ಮೊಬೈಲ್ ಬರುವುದಕ್ಕೆ ಮುಂಚಿನ ಕಾಲ. ಅಕ್ಕ ಅಂಧೇರಿಯಲ್ಲಿ, ತಮ್ಮ ಡೊಂಬಿವಲಿಯಲ್ಲಿ. ಲೋಕಲ್ ರೈಲಿನಲ್ಲಿ ಅವಳದು ವೆಸ್ಟರ್ನ್ ಲೈನ್, ಇವನದು ಸೆಂಟ್ರಲ್; ದಾದರ್‌ನಲ್ಲಿ ಎರಡೂ ಸಿಗುತ್ತವೆ. ಊರಿಂದ ಅಮ್ಮ ಕಳಿಸಿದ ಮಿಡಿ ಉಪ್ಪಿನಕಾಯಿ ತಮ್ಮನಿಗೆ ತಲುಪಬೇಕು. ಹಾರ್ಲಿಕ್ಸ್ ಬಾಟಲಿ, ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ಬಿಗಿದದ್ದು. "ದಾದರ್, ಒಂದನೇ ನಂಬರ್ ಪ್ಲಾಟ್‌ಫಾರ್ಮ್, ಸಂಜೆ ಆರು ಗಂಟೆ" ಅಂತ ಅಕ್ಕ ಕಾರ್ಡು ಬರೆದಿದ್ದಾಳೆ.

ಮುಂಬೈಯ ಹಳಬರು ಇಷ್ಟಕ್ಕೇ ನಗುತ್ತಾರೆ. ಆಗ ದಾದರ್‌ನಲ್ಲಿ ಒಂದನೇ ನಂಬರ್ ಎರಡಿದ್ದವು. ವೆಸ್ಟರ್ನ್‌ಗೆ ಒಂದು, ಸೆಂಟ್ರಲ್‌ಗೆ ಒಂದು. ಇಬ್ಬರೂ ಸರಿಯಾದ ಹೊತ್ತಿಗೇ ಬಂದರು, ಸರಿಯಾದ ನಂಬರಿನಲ್ಲೇ ನಿಂತರು. ಬಾಟಲಿಯಿಂದ ಎಣ್ಣೆ ಜಿನುಗಿತು. ಅಕ್ಕ ಸೆರಗಿನಿಂದ ಒರೆಸುತ್ತಾ ಕಾದಳು. ಆಮೇಲೆ ಈ ಎರಡು ಸಾಲು:

"ಅವನಿಗೆ ಪುರುಸೊತ್ತಿಲ್ಲ ಅಂದುಕೊಂಡಳು ಅಕ್ಕ. ಅವಳಿಗೆ ಮನಸ್ಸಿಲ್ಲ ಅಂದುಕೊಂಡ ತಮ್ಮ."

ಇದನ್ನು ಓದಿದಾಗಲೆಲ್ಲ, ಹೇಳಿಕೊಳ್ಳೋಕೆ ನಾಚಿಕೆ ಏನು, ಭೇಷ್ ಅನಿಸುತ್ತದೆ. ಒಬ್ಬರು ಸಂಪಾದಕರು ಕೊನೆಯಲ್ಲಿ ಇಬ್ಬರನ್ನೂ ಸೇತುವೆಯ ಮೇಲೆ ಭೇಟಿ ಮಾಡಿಸಿ ಅಂದಿದ್ದರು. ಓದುಗರಿಗೆ ಸಮಾಧಾನ ಆಗುತ್ತದಂತೆ. ನಾನು ಒಪ್ಪಲಿಲ್ಲ. ಸಿಟ್ಟು ಅಕ್ಕತಮ್ಮಂದಿರದು, ಅದನ್ನು ಇಳಿಸೋಕೆ ನಾನ್ಯಾರು? ಕಥೆ ಬೇರೆ ಕಡೆ ಅಚ್ಚಾಯಿತು.

ಇದಕ್ಕೆ ಬಹುಮಾನ ಬಂದಿಲ್ಲ. ಜನ ಮೆಚ್ಚಿ ಮಾತಾಡುವುದು ನನ್ನ ಹೋಟೆಲ್ ಹುಡುಗರ ಕಥೆಗಳ ಬಗ್ಗೆ. ಅವು ಚೆನ್ನಾಗಿವೆ, ಇಲ್ಲ ಅನ್ನಲ್ಲ. ಆದರೆ ಅವುಗಳಲ್ಲಿ ನಾನು ಸ್ವಲ್ಪ ಜಾಸ್ತಿ ಮಾತಾಡಿದ್ದೇನೆ. ದಾದರ್ ಕಥೆಯಲ್ಲಿ ನಾನೆಲ್ಲೂ ಅಡ್ಡ ಬಂದಿಲ್ಲ.

ಈಗ ಇನ್ನೊಂದು ತಮಾಷೆ. 2023ರ ಡಿಸೆಂಬರ್‌ನಲ್ಲಿ ರೈಲ್ವೆಯವರು ದಾದರ್‌ನ ನಂಬರ್‌ಗಳನ್ನೇ ಬದಲಾಯಿಸಿದರು. ವೆಸ್ಟರ್ನ್‌ನ 1ರಿಂದ 7 ಹಾಗೇ ಉಳಿದವು, ಸೆಂಟ್ರಲ್‌ನವು 8ರಿಂದ 14 ಆದವು. ಇನ್ನು ಯಾರೂ ಹಾಗೆ ತಪ್ಪಿಹೋಗಬೇಕಾಗಿಲ್ಲ. ದಿನಾ ಓಡಾಡುವವರಿಗೆ ಒಳ್ಳೆಯದೇ ಆಯಿತು. ಮೊನ್ನೆ ಒಬ್ಬ ಹುಡುಗಿ ಕಥೆ ಓದಿ, "ಸರ್, ಒಂದು ಸ್ಟೇಷನ್ನಿನಲ್ಲಿ ಎರಡು ಒಂದನೇ ನಂಬರ್ ಹೇಗಿರುತ್ತೆ? ಕೆಳಗೊಂದು ಟಿಪ್ಪಣಿ ಹಾಕಿ" ಅಂದಳು. ಅವಳ ಜೊತೆಗಿದ್ದ ಅಪ್ಪ ಕಾಫಿ ಕೆಳಗಿಟ್ಟು, ತಾನು ಹಾಗೆ ಕಾದು ಬೈಸಿಕೊಂಡ ಕಥೆ ಶುರು ಮಾಡಿದರು. ಟಿಪ್ಪಣಿ ಹಾಕುವುದಿಲ್ಲ.