ಡೈನೋಸಾರ್ ಹೆಜ್ಜೆ ಓದೋಕೆ ಮೊದಲು ಕೋಳಿ ಹಿಂದೆ ಹೋಗಿ

ಮಡಿಕೇರಿಯ ಕಾಲೇಜೊಂದರಲ್ಲಿ ಭೂವಿಜ್ಞಾನ ಪಾಠ ಮಾಡುತ್ತೇನೆ. ಡೈನೋಸಾರ್ ಹೆಜ್ಜೆ ಗುರುತಿನ ಮೇಲೆ ಪ್ರಾಜೆಕ್ಟ್ ಮಾಡಬೇಕು, ಎಲ್ಲಿಗೆ ಅರ್ಜಿ ಹಾಕಲಿ ಸಾರ್ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ಕೊಡಗಿನಲ್ಲಂತೂ ಹುಡುಕಿ ಪ್ರಯೋಜನವಿಲ್ಲ. ನಮ್ಮ ಹಳೆಯ ಬಂಡೆಗಳಿಗೆ 300 ಕೋಟಿ ವರ್ಷ ದಾಟಿದೆ. ಡೈನೋಸಾರ್ ಬಂದಿದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಹೆಜ್ಜೆ ಉಳಿಯೋಕೆ ಕೆಸರೋ ಮರಳೋ ಪದರವಾಗಿ ಕೂತು ಕಲ್ಲಾಗಬೇಕು. ನಮ್ಮದು ಭೂಮಿಯ ಆಳದಲ್ಲಿ ಬೆಂದು ಬಂದ ಕಲ್ಲು. ರಾಜಸ್ಥಾನದ ಜೈಸಲ್ಮೇರ್ ಹತ್ತಿರ, ಥೈಯಾತ್‌ನಲ್ಲಿ, ಮೂರು ಬೆರಳಿನ ಹೆಜ್ಜೆಗಳು 2014ರಲ್ಲಿ ಸಿಕ್ಕಿದ್ದವು. ಅಷ್ಟು ದೂರ ಯಾರು ಕಳಿಸುತ್ತಾರೆ, ಅಲ್ವಾ?

ಹಾಗಾಗಿ ನಾನು ಮೊದಲು ಕಳಿಸೋದು ಅವರವರ ಮನೆ ಅಂಗಳಕ್ಕೆ. ಮಳೆ ನಿಂತ ಮೇಲೆ ಕೋಳಿ ಓಡಾಡಿದ ಜಾಗ ನೋಡಿ ಅಂತೀನಿ. ಕೋಳಿಯೂ ಡೈನೋಸಾರ್ ವಂಶದ್ದೇ, ಕಾಲೂ ಅದೇ ಮಾದರಿ.

ಗಟ್ಟಿ ಮಣ್ಣಲ್ಲಿ ಮುಂದಿನ ಮೂರು ಬೆರಳು ಚೆನ್ನಾಗಿ ಮೂಡುತ್ತವೆ, ಹಿಂದಿನ ಬೆರಳು ಚುಕ್ಕೆಯಷ್ಟೇ, ಕೆಲವೊಮ್ಮೆ ಅದೂ ಇಲ್ಲ. ಅದೇ ಕೋಳಿ ನೀರು ನಿಂತ ಕಡೆ ಕಾಲಿಟ್ಟರೆ ಪಾದ ಹೂತು ನಾಲ್ಕನೇ ಬೆರಳೂ ಉದ್ದಕ್ಕೆ ಮೂಡುತ್ತದೆ. ಕಾಲೆತ್ತಿದಾಗ ಕೆಸರು ಮುಚ್ಚಿಕೊಂಡು ಬೆರಳು ಬರೀ ಗೀರಾಗಿಬಿಡುತ್ತದೆ. ಎರಡನ್ನೂ ಕಲ್ಲಲ್ಲಿ ನೋಡಿದ್ದರೆ ಬೇರೆ ಬೇರೆ ಪ್ರಾಣಿ ಅಂತ ಬರೆದುಬಿಡುತ್ತಿದ್ದರು. ಹೆಜ್ಜೆ ಅಂದರೆ ಅರ್ಧ ಪಾದ, ಅರ್ಧ ಕೆಸರು. ಇದನ್ನು ಬೋರ್ಡ್ ಮೇಲೆ ಎಷ್ಟು ಬರೆದರೂ ತಲೆಗೆ ಹೋಗಲ್ಲ, ಅಂಗಳದಲ್ಲಿ ಐದು ನಿಮಿಷ ಸಾಕು.

ಆಮೇಲೆ ಟೇಪ್ ಹಿಡಿಯಬೇಕು. ಪಾದದ ಉದ್ದದ ನಾಲ್ಕು ಪಟ್ಟು ಸೊಂಟದ ಎತ್ತರ ಅಂತ ಅಲೆಕ್ಸಾಂಡರ್ ಎಂಬ ವಿಜ್ಞಾನಿ 1976ರಲ್ಲಿ ಒಂದು ಅಂದಾಜು ಕೊಟ್ಟರು. ಆ ಎತ್ತರ, ಹೆಜ್ಜೆಗಳ ನಡುವಿನ ಅಂತರ ಎರಡನ್ನೂ ಇಟ್ಟುಕೊಂಡು ನಡಿಗೆಯ ವೇಗ ಲೆಕ್ಕ ಹಾಕುತ್ತಾರೆ. ಕೋಳಿ ಕಣ್ಣೆದುರೇ ಇರೋದರಿಂದ ಈ ಅಂದಾಜು ಎಷ್ಟು ಹೊಂದುತ್ತದೆ ಅಂತ ನಾವೇ ನೋಡಬಹುದು. (ತೋಟದಲ್ಲಿ ಆನೆ ಹೆಜ್ಜೆ ಕಂಡರೆ ಅಳೆಯೋಕೆ ಕೂರಬೇಡಿ. ಹಸಿ ಹೆಜ್ಜೆ ಅಂದರೆ ಆನೆ ಅಲ್ಲೇ ಎಲ್ಲೋ ಇದೆ ಅಂತ.)

ಫೋಟೋ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಜಾಸ್ತಿನೇ ಕಿರಿಕಿರಿ. ಪಕ್ಕದಲ್ಲಿ ಸ್ಕೇಲ್ ಇರಲೇಬೇಕು. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲು ಬೇಕು, ನೆತ್ತಿ ಮೇಲಿನ ಬಿಸಿಲಲ್ಲಿ ತಗ್ಗು ಕಾಣೋದೇ ಇಲ್ಲ. ಒಂದು ಫೋಟೋದಲ್ಲಿ ಕಂಡ ಭಾಗ ಮುಂದಿನದರಲ್ಲೂ ಸ್ವಲ್ಪ ಬರುವ ಹಾಗೆ ಸುತ್ತಲೂ ತೆಗೆದರೆ ಉಚಿತ ಸಾಫ್ಟ್‌ವೇರ್‌ನಲ್ಲೇ ತ್ರೀಡಿ ಮಾದರಿ ಸಿಗುತ್ತದೆ. 2024ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನ ಕಲ್ಲುಕ್ವಾರಿಯಲ್ಲಿ ಸುಮಾರು 200 ಹೆಜ್ಜೆ ಸಿಕ್ಕಾಗ ನೂರಕ್ಕೂ ಹೆಚ್ಚು ಜನ ಸೇರಿ ತೆಗೆದಿದ್ದು 20,000ಕ್ಕೂ ಜಾಸ್ತಿ ಫೋಟೋ. ಅಲ್ಲೂ ಇದೇ ಕೆಲಸ.

ಅರ್ಜಿ ಹಾಕೋಕೆ ನಾನು ಮೊದಲು ಹೇಳೋದು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್. ಪಳೆಯುಳಿಕೆಯೇ ಬೇಕೆಂದರೆ ಲಕ್ನೋದ ಬೀರಬಲ್ ಸಾಹ್ನಿ ಸಂಸ್ಥೆಯೂ ಇದೆ. ಫೆಲೋಶಿಪ್ ಅರ್ಜಿಯಲ್ಲಿ ಏನು ಮಾಡಬೇಕೆಂದಿದ್ದೀರಿ ಅಂತ ಚಿಕ್ಕದಾಗಿ ಬರೆಯಬೇಕು. "ಚಿಕ್ಕಂದಿನಿಂದ ಡೈನೋಸಾರ್ ಇಷ್ಟ" ಅನ್ನೋ ಸಾಲು ತೆಗೆದುಹಾಕಿ, ಅಂಗಳದ ಅಳತೆ ಹಾಕಿ ಅಂತೀನಿ. ನಾನು ಶಿಫಾರಸು ಪತ್ರ ಬರೆಯೋದೂ ಆ ಅಳತೆ ಬರೆದಿಟ್ಟ ನೋಟ್‌ಬುಕ್ ನೋಡಿದ ಮೇಲೇ.