ಮ್ಯಾಮತ್ ಪಕ್ಕದ ಹೆಸರುಗಳು

ಶರತ್ಕಾಲದ ರಜೆಯ ಮಂಗಳವಾರ ಫ್ರಾನ್ಸಿನ ತುಲೂಸಿನಿಂದ ಬೆಳಗಿನ ಜಾವವೇ ಹೊರಟು ದೊರ್ದೋನ್ ಸೀಮೆಯ ಲ ಬ್ಯೂಗ್ ತಲುಪಿದಾಗ, ವೆಝೇರ್ ನದಿಯ ದಂಡೆಯ ಸಂತೆ ಆಗಲೇ ತುಂಬಿತ್ತು. ಬಾತುಕೋಳಿ ಮಾಂಸದ ಅಂಗಡಿಗಳನ್ನು ಬೇಗಬೇಗ ದಾಟಿ ನಾವು ನಿಂತದ್ದು ಅಕ್ರೋಟಿನ ರಾಶಿಯ ಮುಂದೆ. ಒಂದು ಕಿಲೋ ತೂಗಿದ ಅಜ್ಜಿ, ಚೀಲ ಕೊಡುವ ಮುನ್ನ ಇನ್ನೊಂದು ಹಿಡಿ ಹಾಕಿದರು. ಸೂಪರ್ ಮಾರ್ಕೆಟ್ಟಿನ ಪೊಟ್ಟಣಗಳನ್ನಷ್ಟೇ ಬಲ್ಲ ನನ್ನ ಹತ್ತು ವರ್ಷದ ಮಗಳಿಗೆ ಅದು ಲೆಕ್ಕ ತಪ್ಪಿದಂತೆ ಕಂಡಿತು. ‘ಕೊಸರು’ ಎಂಬ ಪದವನ್ನು ಅವಳಿಗೆ ಕಲಿಸಲು ಫ್ರಾನ್ಸಿನ ಸಂತೆಯೇ ಬೇಕಾಯಿತು.

ಮಧ್ಯಾಹ್ನ ರೂಫಿನ್ಯಾಕ್ ಗುಹೆಗೆ ಹೋದೆವು. ಅಲ್ಲಿ ವಿದ್ಯುತ್ತಿನ ಪುಟ್ಟ ರೈಲಿನಲ್ಲಿ ಕೂರಿಸಿ ಬೆಟ್ಟದ ಒಡಲಿಗೆ ಕರೆದೊಯ್ಯುತ್ತಾರೆ. ಗುಹಾಕರಡಿಗಳು ಚಳಿಗಾಲ ಕಳೆಯಲು ತೋಡಿಕೊಂಡ ಗುಂಡಿಗಳನ್ನೂ ಅವುಗಳ ಉಗುರಿನ ಗೀರುಗಳನ್ನೂ ದಾಟಿದ ಮೇಲೆ ದೊಡ್ಡ ಮಾಡು ಬರುತ್ತದೆ. ಸುಮಾರು 13,000 ವರ್ಷಗಳ ಹಿಂದೆ ಯಾರೋ ಅಂಗಾತ ಮಲಗಿ ಅಲ್ಲಿ ಕಪ್ಪು ಗೆರೆಗಳಲ್ಲಿ ಮ್ಯಾಮತ್ ಎಂಬ, ಈಗ ಅಳಿದುಹೋದ ರೋಮದ ಆನೆ, ಕಾಡೆಮ್ಮೆ, ಕುದುರೆಗಳನ್ನು ಬರೆದರು. ಆಗ ನೆಲಕ್ಕೂ ಮಾಡಿಗೂ ನಡುವೆ ಇದ್ದದ್ದು ಒಂದು ಮೀಟರಿನಷ್ಟು ಜಾಗ. ಇಡೀ ಗುಹೆಯಲ್ಲಿ ಮ್ಯಾಮತ್‌ಗಳೇ 150ಕ್ಕೂ ಹೆಚ್ಚು.

ಆದರೆ ಮಗಳು ನೋಡುತ್ತಿದ್ದದ್ದು ಬೇರೆಯೇ. ಚಿತ್ರಗಳ ನಡುವೆ, ಕೆಲವೆಡೆ ಅವುಗಳ ಮೇಲೆಯೇ, ದೀಪದ ಮಸಿಯಿಂದ ಬರೆದ ಹೆಸರುಗಳೂ ಇಸವಿಗಳೂ ತುಂಬಿದ್ದವು. ಗುಹೆ ನೂರಾರು ವರ್ಷಗಳಿಂದ ಜನರಿಗೆ ಗೊತ್ತಿದ್ದದ್ದೇ. ಚಿತ್ರಗಳು ಅಷ್ಟು ಪ್ರಾಚೀನವೆಂದು ವಿದ್ವಾಂಸರು ಗುರುತಿಸಿದ್ದು ಮಾತ್ರ 1956ರಲ್ಲಿ. ಫ್ರೆಂಚರೂ ಹೀಗೆ ಮಾಡಿದ್ದಾರಲ್ಲ ಎಂದು ನನಗೆ, ಹೇಳಿಕೊಳ್ಳಬಾರದು, ಒಳಗೊಳಗೇ ಖುಷಿಯಾಯಿತು.

“ನಿಮ್ಮೂರ ಹತ್ತಿರಾನೂ ಇಂಥ ಚಿತ್ರ ಇವೆ ಅಂದಿದ್ದೆಯಲ್ಲ ಪಪ್ಪಾ, ಅಲ್ಲೂ ಹೆಸರು ಬರೆದಿದ್ದಾರಾ?”

ದಾರಿಯುದ್ದಕ್ಕೂ ಆನೆಗುಂದಿಯ ಒನಕೆ ಕಿಂಡಿ ಎಂಬಲ್ಲಿನ ಚಿತ್ರದ ಬಂಡೆಯ ಬಗ್ಗೆ ಕೊಚ್ಚಿಕೊಂಡವನು ನಾನೇ. ಹಂಪಿಗೆ ಪ್ರವಾಸ ಕರೆದೊಯ್ದ ನಮ್ಮ ಶಾಲೆ, ಹೊಳೆಯ ಈಚೆ ದಡದಲ್ಲೇ ಇದ್ದ ಆ ಬಂಡೆಯನ್ನು ಎಂದೂ ತೋರಿಸಲಿಲ್ಲ. ಗೆಳೆಯರೊಡನೆ ಮುಳ್ಳುಕಂಟಿ ಸರಿಸಿಕೊಂಡು ನಾವೇ ಹೋದೆವು. ಕೆಂಪು ಗೂಳಿಗಳೂ ಮನುಷ್ಯರೂ ಬಂಡೆಯ ಮೇಲಿದ್ದರು. ಅವು ಏನೆಂದು ಹೇಳುವವರಾಗಲಿ, ಮುಟ್ಟಬೇಡಿರೆಂದು ಗದರುವವರಾಗಲಿ ಅಲ್ಲಿ ಯಾರೂ ಇರಲಿಲ್ಲ. ಇದ್ದಿಲಿನ ತುಂಡೊಂದು ಸಿಕ್ಕಿತು.

“ನೀನು ಬರೆದೆಯಾ?” ಎಂದು ಮಗಳು ಕೇಳಿದಳು.

ಗೂಳಿಗೆ ತಾಗದಂತೆ ಪಕ್ಕದಲ್ಲಿ ಬರೆದೆ ಎಂದೆ. ಅವಳು ಮತ್ತೆ ಮಾಡಿನತ್ತ ನೋಡಿ, “ಇವರೂ ಹಾಗೇ ಅಂದುಕೊಂಡಿರಬಹುದು” ಎಂದಳು. ರೈಲು ಹಿಂದಿರುಗುವಾಗ, ಬರುವ ಬೇಸಿಗೆಯಲ್ಲಿ ಊರಿಗೆ ಹೋದರೆ ತೋರಿಸು ಎಂದು ಮಾತು ತೆಗೆದುಕೊಂಡಳು. ತೋರಿಸಬೇಕಾದದ್ದು ಗೂಳಿಯನ್ನೋ ನನ್ನ ಹೆಸರನ್ನೋ ಎಂದು ನಾನು ಕೇಳಲಿಲ್ಲ.